ನನಗೆ ನಾನೇ ಕೊಟ್ಟುಕೊಂಡ ಸಂಬಳ

ಸಾಗರದ ಕಡೆ ನಮ್ಮದು ಎರಡೆಕರೆ ಅಡಿಕೆ ತೋಟ. ದುಡ್ಡು ಬರುವುದು ವರ್ಷಕ್ಕೊಮ್ಮೆ. ಅಡಿಕೆ ಗೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿ ಶಿವರಾತ್ರಿ ಹೊತ್ತಿಗೆ ಮೂಟೆ ಮಂಡಿಗೆ ಹೋಗುತ್ತದೆ. ಮಾರಾಟದ ಪಟ್ಟಿ ಕೈಗೆ ಬಂದ ದಿನ ನನ್ನ ನಡಿಗೆಯೇ ಬೇರೆ ಅನ್ನುತ್ತಾಳೆ ಹೆಂಡತಿ. ಸುಳ್ಳಲ್ಲ. ಆವತ್ತು ಪೇಟೆಯಲ್ಲಿ ಸಿಕ್ಕವರಿಗೆಲ್ಲ ಕಾಫಿ ನನ್ನದೇ. ಒಂದು ವರ್ಷ ಅದೇ ಗತ್ತಿನಲ್ಲಿ 55 ಇಂಚಿನ ಟಿವಿ ಹೊರಿಸಿಕೊಂಡು ಬಂದೆ. ಜಗಲಿಯ ಗೋಡೆಗೆ ಹಿಡಿಸಲಿಲ್ಲ. ಈಗಲೂ ಅರ್ಧ ಕಿಟಕಿ ಮುಚ್ಚಿಕೊಂಡು ಕೂತಿದೆ. ಹದಿನೈದು ದಿನ ಅದನ್ನು ನೋಡಿ ಖುಷಿಪಟ್ಟೆ, ಆಮೇಲೆ ಅದೂ ಒಂದು ಗೋಡೆಯಾಯಿತು.

ಆಷಾಢದಲ್ಲಿ ಕಥೆ ತಿರುಗುತ್ತಿತ್ತು. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಸಬೇಕು, ಮರ ಹತ್ತುವವನ ಕೂಲಿ, ಮದ್ದಿಗೆ ಬೇಕಾದ ನೀಲಿ ಮೈಲುತುತ್ತ, ಮಗಳ ಶಾಲೆಯ ಫೀಸು, ಎಲ್ಲ ಒಟ್ಟಿಗೆ. ಹೊರಗೆ ಜಡಿಮಳೆ, ಪಾಸ್‌ಬುಕ್ಕಿನಲ್ಲಿ ಬರ. ಮಂಡಿಯಲ್ಲಿ ಮುಂಗಡ ಕೇಳಿ ಬಂದ ಮರುದಿನ ನೂರು ಲೀಟರಿನ ಡ್ರಮ್ಮಿಗೆ ಒಂದು ಕೆಜಿ ಮೈಲುತುತ್ತ ಹಾಕಿದವನು ಸುಣ್ಣ ಹಾಕಲೇ ಮರೆತೆ. ಇಪ್ಪತ್ತು ವರ್ಷದಿಂದ ಮಾಡುತ್ತಿರುವ ಕೆಲಸ! ಮರ ಹತ್ತಲು ಬಂದವನು ಇಣುಕಿ ನೋಡಿ, "ಹೆಗಡೇರೇ, ಇದು ಮದ್ದೋ ಶಾಯಿಯೋ?" ಅಂದ. ಹಾಗೇ ಹೊಡೆದಿದ್ದರೆ ಕಾಯಿ ಸುಟ್ಟುಹೋಗುತ್ತಿತ್ತು. ತಪ್ಪು ನನ್ನದು, ಬೈದದ್ದು ಅವನಿಗೆ.

ಆಮೇಲೊಂದು ದಿನ ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದ ಅಧ್ಯಯನದ ಬಗ್ಗೆ ಓದಿದೆ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದದ್ದು. ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್ ಮೊದಲಾದವರು 464 ರೈತರಿಗೆ ಕಟಾವಿಗೆ ಮುಂಚೆ ಒಮ್ಮೆ, ದುಡ್ಡು ಬಂದ ಮೇಲೆ ಒಮ್ಮೆ ಬುದ್ಧಿಪರೀಕ್ಷೆ ಕೊಟ್ಟಿದ್ದರು. ಅದೇ ಮನುಷ್ಯ ಕೈ ಖಾಲಿ ಇದ್ದಾಗ ಹೆಚ್ಚು ತಪ್ಪು ಮಾಡಿದ್ದ. ನನ್ನ ಸುಣ್ಣ ನೆನಪಾಯಿತು.

ಮುಂದಿನ ಶಿವರಾತ್ರಿಗೆ ಕೈಗೆ ಬಂದದ್ದು ಆರು ಲಕ್ಷ. ಅದರಲ್ಲಿ 1.8 ಲಕ್ಷ ತೋಟದ ಖರ್ಚಿಗೆ ಬೇರೆ ಇಟ್ಟೆ. 3.6 ಲಕ್ಷ ಮನೆಗೆ, ಅಂದರೆ ತಿಂಗಳಿಗೆ 30,000. ಉಳಿದ 60,000 ಆಪತ್ತಿಗೆ. ಎಲ್ಲವನ್ನೂ ಹೊಸದೊಂದು ಖಾತೆಗೆ ಹಾಕಿ, ಪ್ರತಿ ತಿಂಗಳು 1ನೇ ತಾರೀಕು ಮನೆಯ ದುಡ್ಡು ಹಳೇ ಖಾತೆಗೆ ತಾನಾಗಿ ಬೀಳುವಂತೆ ಬ್ಯಾಂಕಿನಲ್ಲಿ ಬರೆದುಕೊಟ್ಟೆ. ಹೊಸ ಖಾತೆಗೆ ಎಟಿಎಂ ಕಾರ್ಡ್ ಪಡೆಯಲಿಲ್ಲ, ಫೋನ್‌ಪೇಗೆ ಜೋಡಿಸಲಿಲ್ಲ. ತೆಗೆಯಬೇಕೆಂದರೆ ಬಸ್ಸು ಹಿಡಿದು ಹೋಗಿ ಚೀಟಿ ಬರೆಯಬೇಕು. ಆ ತಾಪತ್ರಯವೇ ಬೇಲಿ.

"ಅಂತೂ ನೀವೂ ನೌಕರಿ ಹಿಡಿದ್ರಿ" ಅಂತ ಹೆಂಡತಿ ನಕ್ಕಳು.

ಆಷಾಢ ಸಲೀಸಾಯಿತು. ಮಳೆಗೆ ಬೈದೆ, ಮನುಷ್ಯರಿಗಲ್ಲ. ಆದರೆ ನಾನು ಎಣಿಸದೇ ಇದ್ದ ಒಂದು ನಷ್ಟವೂ ಆಯಿತು. ಮರುವರ್ಷ ಪಟ್ಟಿ ಕೈಗೆ ಬಂದಾಗ ಏನೂ ಅನಿಸಲೇ ಇಲ್ಲ. ಕಂತು ಕಂತಾಗಿ ಬರುವ ದುಡ್ಡಿಗೆ ನೆಮ್ಮದಿ ಇದೆ, ಗತ್ತಿಲ್ಲ. ಅಡಿಕೆ ಬೆಳೆಗಾರನಿಗೆ ವರ್ಷಕ್ಕೊಂದು ದಿನವಾದರೂ ಸಾಹುಕಾರ ಆಗುವ ಹಕ್ಕು ಬೇಡವೇ? ಹಾಗಾಗಿ ಆಪತ್ತಿನ ದುಡ್ಡಲ್ಲಿ 10,000 ನಗದು ತೆಗೆದು ಲಕೋಟೆಯ ಮೇಲೆ 'ಸೊಕ್ಕಿನ ದುಡ್ಡು' ಅಂತ ಬರೆದೆ. ಅದನ್ನು ಒಂದೇ ವಾರದಲ್ಲಿ ಮುಗಿಸಬೇಕು, ಲೆಕ್ಕ ಕೇಳುವಂತಿಲ್ಲ. ದುಡ್ಡಿಗೆ ಹೀಗೆ ಹೆಸರು ಬರೆದಿಡುವ ಮನಸ್ಸಿನ ಬಗ್ಗೆಯೂ ಕೆಲಸ ಮಾಡಿದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್‌ಗೆ 2017ರಲ್ಲಿ ನೊಬೆಲ್ ಬಂತು. ನಮ್ಮಮ್ಮ ಸಾಸಿವೆ ಡಬ್ಬಿಯಲ್ಲೇ ಮಾಡಿದ್ದಳು, ಅವಳಿಗೆ ಯಾರೂ ಕೊಡಲಿಲ್ಲ.

ಈ ಉಪಾಯ ಎಲ್ಲರಿಗೂ ಒಗ್ಗುತ್ತದೆ ಅನ್ನಲಾರೆ. ಕೊಳೆ ಬಂದು ಅರ್ಧ ಫಸಲು ಉದುರಿದ ವರ್ಷ ಹನ್ನೆರಡು ಭಾಗ ಮಾಡಿದರೂ ಇಲ್ಲದ ದುಡ್ಡು ಹುಟ್ಟುವುದಿಲ್ಲ. ದುಡ್ಡಿನಲ್ಲಿ ಸುಖವಿಲ್ಲ ಅನ್ನುವವರು ಆಷಾಢದಲ್ಲಿ ಮಂಡಿಯ ಮೆಟ್ಟಿಲು ಹತ್ತಿದವರಲ್ಲ.

ಈ ಸಲ ಲಕೋಟೆ ತೆಗೆದು ನೋಡಿದರೆ ಐದೇ ಸಾವಿರ. ಹೆಂಡತಿಯ ಮುಖ ನೋಡಿದೆ.

"ಸೊಕ್ಕು ನಿಮಗೊಬ್ಬರಿಗೇನಾ?" ಅಂದಳು.