ಜೀವಾವಧಿ ಕೈದಿಗೆ ಪೆರೋಲ್: ಕೆಲಸ ಕೆಡುವುದು ಜೈಲಿನಲ್ಲಲ್ಲ, ಊರಿನಲ್ಲಿ

ಪೆರೋಲ್ ಅಂದರೆ ಶಿಕ್ಷೆಯ ನಡುವೆ ಕೆಲವು ದಿನ ಹೊರಗೆ ಹೋಗಿಬರಲು ಸಿಗುವ ರಜೆ. ಅದರ ಅರ್ಜಿ ಬರೆಯುವುದು ಅರ್ಧ ಗಂಟೆಯ ಕೆಲಸ. ಕಾನೂನು ನೆರವಿನ ಸ್ವಯಂಸೇವಕಿಯಾಗಿ ಮದ್ದೂರು, ಮಳವಳ್ಳಿ, ಪಾಂಡವಪುರ ಕಡೆಯ ಮನೆಯವರ ಜೊತೆ ಓಡಾಡುವಾಗ ನಾನು ಮತ್ತೆ ಮತ್ತೆ ಕಂಡಿದ್ದು ಒಂದೇ ಕಥೆ. ಅರ್ಜಿ ಕೊಟ್ಟು ಬರುತ್ತಾರೆ. ಮೈಸೂರು ಕೇಂದ್ರ ಕಾರಾಗೃಹಕ್ಕೆ ಹೋದಾಗಲೆಲ್ಲ ‘ಏನಾಯ್ತು’ ಅಂತ ಕೇಳುತ್ತಾರೆ. ಕೊನೆಗೆ ಒಂದು ಹಿಂಬರಹ ಕೈಗೆ ಬರುತ್ತದೆ: ಪೊಲೀಸ್ ವರದಿ ವಿರುದ್ಧವಾಗಿದೆ, ಆದ್ದರಿಂದ ಕೊಡಲು ಬರುವುದಿಲ್ಲ. ಜೈಲಿನವರನ್ನು ಬೈದುಕೊಂಡು ಬಸ್ ಹತ್ತುತ್ತಾರೆ. ಅಷ್ಟೊತ್ತಿಗೆ ಊರಿನ ಠಾಣೆಯಲ್ಲಿ ಕೆಲಸ ಕೆಟ್ಟು ಎಷ್ಟೋ ದಿನ ಆಗಿರುತ್ತದೆ.

ಒಂದು ಮಾತು ಮೊದಲೇ. ಬೇಲ್ ಬೇರೆ, ಪೆರೋಲ್ ಬೇರೆ. ಪೆರೋಲ್ ಶಿಕ್ಷೆ ಆದವರಿಗೆ ಮಾತ್ರ. ಕೇಸು ಇನ್ನೂ ನಡೆಯುತ್ತಿದ್ದರೆ ಕೇಳಬೇಕಾದ್ದು ಜಾಮೀನು. ಶಿಕ್ಷೆಯಾಗಿ ಹೈಕೋರ್ಟಿನಲ್ಲಿ ಅಪೀಲು ಬಾಕಿ ಇದ್ದರೆ, ಶಿಕ್ಷೆಯನ್ನು ಅಮಾನತಿನಲ್ಲಿಡಿ ಅಂತ ಅಲ್ಲೇ ಕೇಳುವ ಇನ್ನೊಂದು ದಾರಿಯೂ ಇದೆ. ನಿಮ್ಮ ವಕೀಲರನ್ನು ಅದನ್ನೂ ಕೇಳಿ.

1. ತೀರ್ಪಿನ ಕೊನೆಯ ಪುಟ ಓದಿ

‘ಲೈಫ್ ಅಂದ್ರೆ 14 ವರ್ಷ’ ಅನ್ನುವುದು ನಮ್ಮೂರುಗಳಲ್ಲಿ ಬೇರು ಬಿಟ್ಟಿರುವ ಸುಳ್ಳು. ಜೀವಾವಧಿ ಅಂದರೆ ಉಳಿದ ಬದುಕು ಪೂರ್ತಿ ಅಂತ ಸುಪ್ರೀಂ ಕೋರ್ಟು 1961ರಲ್ಲೇ ಹೇಳಿದೆ. 14 ವರ್ಷ ಅನ್ನುವುದು ಅವಧಿಪೂರ್ವ ಬಿಡುಗಡೆಗೆ ಕೇಳಲು ಬೇಕಾದ ಕನಿಷ್ಠ. ಕೆಲವು ತೀರ್ಪುಗಳಲ್ಲಿ ಇಂತಿಷ್ಟು ವರ್ಷ ಯಾವ ರಿಯಾಯಿತಿಯೂ ಇಲ್ಲ, ಅಥವಾ ಬದುಕಿರುವವರೆಗೂ ಇಲ್ಲ ಅಂತಲೇ ಬರೆದಿರುತ್ತದೆ. ಈ ಪದ್ಧತಿಗೆ ದಾರಿ ಮಾಡಿದ್ದು ನಮ್ಮ ರಾಜ್ಯದ್ದೇ ಕೇಸು, 2008ರ ಸ್ವಾಮಿ ಶ್ರದ್ಧಾನಂದ ತೀರ್ಪು. ಹಾಗಾಗಿ ತೀರ್ಪಿನ ನಕಲು ತೆಗೆಸಿ, ಕೊನೆಯ ಪುಟವನ್ನು ಓದಲು ಬರುವವರಿಂದ ಓದಿಸಿ. ಮನೆಯಲ್ಲಿ ಆ ನಕಲೇ ಇಲ್ಲದ ಸಂಸಾರಗಳು ಜಾಸ್ತಿ.

2. ಅರ್ಜಿ ಬರೆಯಿರಿ

ಜೈಲಿನ ಮುಖ್ಯ ಅಧೀಕ್ಷಕರಿಗೆ. ಕೈಯಲ್ಲೇ, ಕನ್ನಡದಲ್ಲೇ, ಒಂದು ಪುಟ. ಕೋರ್ಟಿನ ಹತ್ತಿರದ ಜೆರಾಕ್ಸ್ ಅಂಗಡಿಗಳಲ್ಲಿ ಸಿಗುವ ಅಚ್ಚು ಹಾಕಿದ ಅರ್ಜಿ ಕೊಳ್ಳಬೇಡಿ. ಅದರಲ್ಲಿ ಎಲ್ಲರ ತಾಯಿಗೂ ಒಂದೇ ಕಾಯಿಲೆ ಇರುತ್ತದೆ. ಶಾಸಕರ ಲೆಟರ್‌ಹೆಡ್ಡಿಗಾಗಿ ಅಲೆಯುವುದೂ ಸುಮ್ನೆ ಚಪ್ಪಲಿ ಸವೆತ. ‘ಒಳಗೆ ನಮ್ಮೋರಿದಾರೆ, ಮಾಡಿಸಿಕೊಡ್ತೀನಿ’ ಅನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕು ಅಂತ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯೇ ಹೇಳುತ್ತದೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ನೇರ ಹೋಗಿ.

ಕಾರಣ ನಿಜವಾದದ್ದೇ ಇರಲಿ. ತಾಯಿಯ ಆಪರೇಷನ್, ತಂಗಿಯ ಮದುವೆ, ಬೀಳುತ್ತಿರುವ ಮನೆಯ ರಿಪೇರಿ, ಬೇಸಾಯ, ಎಲ್ಲವನ್ನೂ ಕೇಳಬಹುದು. 2024ರ ಕೊನೆಯಲ್ಲಿ ಪಕ್ಕದ ರಾಮನಗರ ಜಿಲ್ಲೆಯ ಒಬ್ಬ ಜೀವಾವಧಿ ಕೈದಿಗೆ, ಮನೆಯಲ್ಲಿ ಜಮೀನು ನೋಡಿಕೊಳ್ಳಲು ಬೇರೆ ಗಂಡಾಳಿಲ್ಲ ಅನ್ನುವ ಕಾರಣಕ್ಕೆ ಹೈಕೋರ್ಟು 90 ದಿನ ಪೆರೋಲ್ ಕೊಟ್ಟಿತು. 2023ರಲ್ಲಿ ಇನ್ನೊಬ್ಬನಿಗೆ ತನ್ನದೇ ಮದುವೆಗೆ 15 ದಿನ ಸಿಕ್ಕಿತು. ಬೇಸಾಯ ಅಂತ ಬರೆದರೆ ಪಹಣಿ ಲಗತ್ತಿಸಿ, ಯಾವ ಬೆಳೆ, ಯಾವ ತಿಂಗಳು ಅಂತ ಹೇಳಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟ ಮೇಲೆ ಅರ್ಜಿ ಹಾಕಿದರೆ ಆದೇಶ ಬರುವಷ್ಟರಲ್ಲಿ ನಾಟಿ ಮುಗಿದು ಕಳೆಯೂ ಎದ್ದಿರುತ್ತದೆ. ಎರಡು ಮೂರು ತಿಂಗಳು ಮುಂಚೆಯೇ ಹಾಕಿ.

ಸುಳ್ಳು ಡಾಕ್ಟರ್ ಸರ್ಟಿಫಿಕೇಟ್ ಬೇಡವೇ ಬೇಡ. ಪೊಲೀಸರು ವಿಚಾರಿಸಲು ಬಂದಾಗ ‘ಹಾಸಿಗೆ ಹಿಡಿದ’ ತಾಯಿ ಹುಲ್ಲಿನ ಹೊರೆ ಹೊತ್ತು ಎದುರಿಗೆ ಬಂದರೆ ಈ ಅರ್ಜಿ ಅಷ್ಟೇ ಅಲ್ಲ, ಮುಂದಿನ ನಾಲ್ಕು ಅರ್ಜಿಗಳೂ ಹೋದವು.

3. ಪೊಲೀಸ್ ವರದಿ: ಇಲ್ಲಿ ಮೈಯೆಲ್ಲ ಕಣ್ಣಾಗಿರಿ

ಜೈಲಿನಿಂದ ಪತ್ರ ಜಿಲ್ಲಾ ಎಸ್‌ಪಿಗೆ ಹೋಗುತ್ತದೆ. ಮೈಸೂರು ನಗರದವರಾದರೆ ಪೊಲೀಸ್ ಕಮಿಷನರಿಗೆ. ಅಲ್ಲಿಂದ ಠಾಣೆಗೆ, ಠಾಣೆಯಿಂದ ಬೀಟ್ ಪೊಲೀಸಪ್ಪನ ಜೇಬಿಗೆ. ಆತ ಒಂದು ದಿನ ಬೈಕಿನಲ್ಲಿ ಊರಿಗೆ ಬರುತ್ತಾನೆ. ಅರಳಿಕಟ್ಟೆಯಲ್ಲೋ ಟೀ ಅಂಗಡಿಯಲ್ಲೋ ಕೂತವರನ್ನು ಕೇಳುತ್ತಾನೆ: ‘ಅವನು ಬಂದ್ರೆ ಊರಲ್ಲಿ ಏನಾದ್ರೂ ತೊಂದ್ರೆ ಆಗುತ್ತಾ?’ ಆ ಹೊತ್ತಿಗೆ ಅಲ್ಲಿ ಯಾರು ಕೂತಿರುತ್ತಾರೆ ಅನ್ನುವುದರ ಮೇಲೆ ವರದಿ ನಿಂತಿರುತ್ತದೆ. ಮನೆಯವರೋ ಗದ್ದೆಯಲ್ಲಿರುತ್ತಾರೆ. ಬಾಗಿಲಿಗೆ ಬೀಗ. ‘ಮನೆಯಲ್ಲಿ ಯಾರೂ ಇಲ್ಲ, ಗ್ರಾಮಸ್ಥರ ವಿರೋಧವಿದೆ, ಶಾಂತಿಭಂಗದ ಸಾಧ್ಯತೆ ಇದೆ.’ ಮುಗಿಯಿತು.

ಹಾಗಾಗಿ ಅರ್ಜಿ ಕೊಟ್ಟ ವಾರದಲ್ಲೇ ಮನೆಯ ಹಿರಿಯರೊಬ್ಬರು ಠಾಣೆಗೆ ಹೋಗಿ. ಅರ್ಜಿಯ ನಕಲು, ಮನೆಯವರ ಆಧಾರ್, ಫೋನ್ ನಂಬರು, ಜಾಮೀನು ನಿಲ್ಲುವವರ ವಿವರ ಒಂದೇ ಫೈಲಿನಲ್ಲಿ ಕೊಡಿ. ಬರುವ ಮುಂಚೆ ಒಂದು ಫೋನ್ ಮಾಡಿ ಅಂತ ವಿನಯದಿಂದ ಕೇಳಿ. ಕವರು, ಕಾಣಿಕೆ ಏನೂ ಬೇಡ. ವಿಳಾಸ ಆಧಾರಿನಲ್ಲಿ ಒಂದು, ತೀರ್ಪಿನಲ್ಲಿ ಇನ್ನೊಂದು ಇದ್ದರೆ ಅದನ್ನು ಅರ್ಜಿಯಲ್ಲೇ ವಿವರಿಸಿ. ಎಷ್ಟೋ ಪತ್ರಗಳು ಬೇರೆ ಠಾಣೆಗೆ ಹೋಗಿ ಧೂಳು ತಿನ್ನುವುದು ಇದೇ ಕಾರಣಕ್ಕೆ.

ಇನ್ನು ಊರು. ಸತ್ತವರ ಮನೆ ಅದೇ ಬೀದಿಯಲ್ಲಿರಬಹುದು. ಅವರ ನೋವು ಅವರದು, ಅವರು ಬೇಡ ಅನ್ನುವುದು ಸಹಜ. ಅವರ ಮನೆ ಬಾಗಿಲಿಗೆ ಹೋಗಿ ‘ಒಪ್ಕೊಳ್ಳಿ’ ಅಂತ ಕೂರಬೇಡಿ. ಅದು ಬೆದರಿಕೆ ಅಂತ ದೂರಾಗುತ್ತದೆ, ಕೆಲವು ಸಲ ನಿಜಕ್ಕೂ ಬೆದರಿಕೆಯೇ ಆಗಿರುತ್ತದೆ. ದುಡ್ಡಿನ ಮಾತಂತೂ ಎತ್ತಲೇಬೇಡಿ. ಎರಡೂ ಮನೆಗೆ ಬೇಕಾದ ಹಿರಿಯರು ಯಾರಾದರೂ ಇದ್ದರೆ ಅವರ ಮೂಲಕ ಒಂದೇ ವಿಷಯ ಮುಟ್ಟಿಸಿ: ಇಂಥ ದಿನದಿಂದ ಇಂಥ ದಿನದವರೆಗೆ ಬರುತ್ತಾನೆ, ನಿಮ್ಮ ಬೀದಿಗೆ ಕಾಲಿಡುವುದಿಲ್ಲ.

ಅದೂ ಕಷ್ಟ ಅನ್ನಿಸಿದರೆ ನಾನು ಸದಾ ಹೇಳುವ ಸಲಹೆ ಒಂದಿದೆ. ಊರಿಗೆ ಕರೆಸಲೇಬೇಡಿ. ಬೇರೆ ತಾಲ್ಲೂಕಿನಲ್ಲಿರುವ ಅಕ್ಕನದೋ ಭಾವನದೋ ಮನೆಯ ವಿಳಾಸ ಕೊಡಿ. ತಾಯಿ ಅಲ್ಲಿಗೇ ಹೋಗಿ ಮಗನನ್ನು ನೋಡಲಿ. ‘ನಮ್ಮ ಮನೆಗೆ ಬರೋಕೆ ಯಾರ ಅಪ್ಪಣೆ’ ಅನ್ನುವ ಜಿದ್ದು ಗಂಡಸರಲ್ಲಿ ಜಾಸ್ತಿ. ಆ ಜಿದ್ದಿಗೆ ವರ್ಷಗಟ್ಟಲೆ ಪೆರೋಲ್ ಕಳೆದುಕೊಂಡವರಿದ್ದಾರೆ. ಮಾರಿಹಬ್ಬ, ಪಿತೃಪಕ್ಷ, ಪಂಚಾಯ್ತಿ ಎಲೆಕ್ಷನ್, ಈ ಮೂರು ಹೊತ್ತಿನಲ್ಲಿ ರಜೆ ಕೇಳಬೇಡಿ. ಊರು ತುಂಬಿರುತ್ತದೆ, ಕುಡಿತ ಇರುತ್ತದೆ, ಹಳೆಯದೆಲ್ಲ ಮೇಲೆ ಬರುತ್ತದೆ. ಪಿತೃಪಕ್ಷದಲ್ಲಿ ಅಪ್ಪನಿಗೆ ಎಡೆ ಇಡಬೇಕು ಅನ್ನುವ ಆಸೆ ಅರ್ಥವಾಗುತ್ತದೆ. ಆದರೆ ಎದುರು ಮನೆಯಲ್ಲೂ ಅದೇ ದಿನ ಎಡೆ ಇಡುತ್ತಿರುತ್ತಾರೆ ಅಲ್ವಾ?

ವರದಿ ಹೋದ ಮೇಲೆ ಅದು ಎಸ್‌ಪಿ ಕಚೇರಿಯಿಂದ ಜೈಲಿಗೆ ತಲುಪಿತಾ ಅಂತ ಪತ್ರದ ನಂಬರು ಇಟ್ಟುಕೊಂಡು ವಿಚಾರಿಸಿ. ನಂಬರಿಲ್ಲದೆ ಹೋದರೆ ‘ನಾಳೆ ಬನ್ನಿ’ ಅನ್ನುವ ಉತ್ತರವೇ ಗತಿ.

4. ಬಾಂಡು, ಜಾಮೀನು

ಇಲ್ಲಿ ಜಾಮೀನು ಅಂದರೆ ಬೇಲ್ ಅಲ್ಲ, ರಜೆ ಮುಗಿದ ಮೇಲೆ ವಾಪಸ್ ಬರುತ್ತಾನೆ ಅಂತ ಹೊಣೆ ಹೊರುವುದು. ಅದಕ್ಕೆ ಪಹಣಿ ಇರುವ ಅಣ್ಣನೋ ಮಾವನೋ ನಿಲ್ಲಲಿ, ಸ್ನೇಹಿತರು ಬೇಡ.

5. ಹೊರಗೆ ಬಂದ ಮೇಲೆ

ಆದೇಶದ ಶರತ್ತುಗಳನ್ನು ಮನೆಯವರೆಲ್ಲ ಕೂತು ಓದಿ. ಮೇಲೆ ಹೇಳಿದ ರಾಮನಗರದ ಆದೇಶದಲ್ಲಿ ವಾರಕ್ಕೊಮ್ಮೆ ಠಾಣೆಗೆ ಹಾಜರಾಗಬೇಕು ಅಂತಿತ್ತು. ಹಾಜರಿಗೆ ಹೋದಾಗ ಒಂದು ನೋಟ್‌ಬುಕ್ ಒಯ್ದು ದಿನಾಂಕದ ಜೊತೆ ಸಹಿ ಕೇಳಿ. ಕೆಲವರು ಹಾಕುತ್ತಾರೆ, ಕೆಲವರು ಗದರುತ್ತಾರೆ. ಗದರಿದರೆ ಹೋದ ಹೊತ್ತು, ಎದುರಿಗಿದ್ದವರ ಹೆಸರು ನೀವೇ ಬರೆದಿಡಿ. ‘ಹಾಜರಾಗಿಲ್ಲ’ ಅಂತ ಆಮೇಲೆ ಬಂದರೆ ಅದೇ ಆಧಾರ. ಕೇಂದ್ರದ 2023ರ ಮಾದರಿ ಕಾರಾಗೃಹ ಕಾಯ್ದೆಯಲ್ಲಿ, ರಜೆ ಮೇಲೆ ಹೊರಗೆ ಬರುವವರಿಗೆ ಎಲ್ಲಿದ್ದಾರೆ ಅಂತ ತೋರಿಸುವ ಎಲೆಕ್ಟ್ರಾನಿಕ್ ಪಟ್ಟಿಯ ಮಾತೂ ಇದೆ. ನನ್ನನ್ನು ಕೇಳಿದರೆ ನಮ್ಮೂರುಗಳಲ್ಲಿ ಅದರ ಅಗತ್ಯವೇ ಇಲ್ಲ. ಹೊಸಬರು ಸೀಮೆ ದಾಟುವ ಮುಂಚೆ ಸುದ್ದಿ ದಾಟಿರುತ್ತದೆ.

ವಾಪಸ್ ಹೋಗುವ ದಿನ ಮಾತ್ರ ಹುಡುಗಾಟ ಬೇಡ. ಕೊನೆಯ ಸಂಜೆಯ ಬಸ್ ನಂಬಿಕೊಳ್ಳದೆ ಬೆಳಿಗ್ಗೆಯೇ ಗೇಟಿನಲ್ಲಿರಿ. ಜ್ವರ ಬಂದರೆ ಸರ್ಕಾರಿ ಆಸ್ಪತ್ರೆಗೇ ತೋರಿಸಿ, ಅವಧಿ ಮುಗಿಯುವ ಮುಂಚೆಯೇ ವಿಸ್ತರಣೆಗೆ ಅರ್ಜಿ ಕೊಡಿ. ಮುಗಿದ ಮೇಲೆ ಕೊಟ್ಟ ಅರ್ಜಿಗೆ ಬೆಲೆಯಿಲ್ಲ. ಕೋವಿಡ್ ಹೊತ್ತಿನಲ್ಲಿ ಹೊರಗೆ ಬಿಟ್ಟವರಿಗೆ 15 ದಿನದಲ್ಲಿ ವಾಪಸ್ಸಾಗಿ ಅಂತ ಸುಪ್ರೀಂ ಕೋರ್ಟು 2023ರ ಮಾರ್ಚಿನಲ್ಲಿ ಹೇಳಿದಾಗಲೂ ‘ಯಾರು ಕೇಳ್ತಾರೆ’ ಅಂದುಕೊಂಡವರಿದ್ದರು. ತಡವಾಗಿ ಹೋದರೆ ಕೇಸು ಬೀಳಬಹುದು, ಗಳಿಸಿದ ಮಾಫಿ (ಶಿಕ್ಷೆಯಲ್ಲಿ ಕಡಿತವಾದ ದಿನಗಳು) ಕೈಬಿಡಬಹುದು, ಮುಂದಿನ ಪೆರೋಲಿನ ಮಾತನ್ನು ಮರೆಯಬೇಕಾಗಬಹುದು.

6. ಅರ್ಜಿ ವಜಾ ಆದರೆ

ಬಾಯಿಮಾತಿನ ‘ಇಲ್ಲ’ ಒಪ್ಪಬೇಡಿ. ಹಿಂಬರಹವನ್ನು ಬರಹದಲ್ಲೇ ಪಡೆಯಿರಿ. ಅದನ್ನಿಟ್ಟುಕೊಂಡು ಬೆಂಗಳೂರಿನ ಹೈಕೋರ್ಟಿಗೆ ರಿಟ್ ಹಾಕಬಹುದು. ಆಧಾರವಿಲ್ಲದೆ ‘ಶಾಂತಿಭಂಗವಾಗಬಹುದು’ ಅಂತ ಒಂದು ಸಾಲು ಬರೆದ ವರದಿಗಳು ಅಲ್ಲಿ ಎಷ್ಟೋ ಸಲ ನಿಂತಿಲ್ಲ.

7. 14 ವರ್ಷದ ಲೆಕ್ಕ

ಕೊಲೆಯಂಥ ಅಪರಾಧಕ್ಕೆ ಜೀವಾವಧಿಯಾದವರನ್ನು ಸರ್ಕಾರ ಅವಧಿಪೂರ್ವವಾಗಿ ಬಿಡಬೇಕಾದರೆ 14 ವರ್ಷ ನಿಜವಾಗಿ ಒಳಗಿರಬೇಕು. ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು 475ನೇ ಕಲಂ. ಮಾಫಿ ಸಿಕ್ಕ ದಿನಗಳನ್ನು ಇದಕ್ಕೆ ಸೇರಿಸುವಂತಿಲ್ಲ. ವಿಚಾರಣಾಧೀನ ಕೈದಿಯಾಗಿ ಕಳೆದ ದಿನಗಳು ಸೇರುತ್ತವೆ. ಪೆರೋಲ್ ದಿನಗಳು ಸೇರುವುದಿಲ್ಲ ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಂದರೆ ಒಟ್ಟು 300 ದಿನ ಹೊರಗಿದ್ದರೆ 14 ವರ್ಷ ತುಂಬುವುದೂ 300 ದಿನ ಮುಂದಕ್ಕೆ. ಇದನ್ನು ಕೇಳಿ ‘ಹಾಗಾದ್ರೆ ಪೆರೋಲೇ ಬೇಡ’ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಿಡುಗಡೆಯ ಕಡತ ತಯಾರಾಗುವಾಗ ಮತ್ತೆ ಅದೇ ಠಾಣೆಯ ಅಭಿಪ್ರಾಯ ಕೇಳುತ್ತಾರೆ. ಮತ್ತೆ ಅಪರಾಧ ಮಾಡುವ ಸಾಧ್ಯತೆ ಇದೆಯಾ, ಒಳಗಿಟ್ಟು ಪ್ರಯೋಜನವಿದೆಯಾ, ಮನೆಯ ಪರಿಸ್ಥಿತಿ ಹೇಗಿದೆ ಅಂತ ತೂಗಬೇಕು ಅನ್ನುವುದು 2000ದ ಲಕ್ಷ್ಮಣ ನಸ್ಕರ್ ತೀರ್ಪಿನ ಮಾತು. ಐದಾರು ಸಲ ಊರಿಗೆ ಬಂದು, ಗಲಾಟೆಯಿಲ್ಲದೆ, ಹೇಳಿದ ದಿನ ವಾಪಸ್ ಹೋದವನ ಬಗ್ಗೆ ಪೊಲೀಸರು ಕೆಟ್ಟದಾಗಿ ಬರೆಯುವುದು ಕಷ್ಟ.

2025ರ ಫೆಬ್ರುವರಿಯಿಂದ ಇನ್ನೊಂದು ಅನುಕೂಲವಿದೆ. ಬಿಡುಗಡೆ ನೀತಿ ಇರುವ ರಾಜ್ಯಗಳು, ಅರ್ಹರಾದವರ ಹೆಸರನ್ನು ಅವರು ಅರ್ಜಿ ಹಾಕದಿದ್ದರೂ ತಾವೇ ಪರಿಶೀಲಿಸಬೇಕು ಅಂತ ಸುಪ್ರೀಂ ಕೋರ್ಟು ಹೇಳಿದೆ. ಕೊಡದಿದ್ದರೆ ಕಾರಣ ಬರೆಯಬೇಕು. ಆದರೂ ನೀವು ಅರ್ಜಿ ಹಾಕಿ. ತಾನಾಗಿ ಓಡುವ ಕಡತವನ್ನು ನಾನಂತೂ ಇನ್ನೂ ನೋಡಿಲ್ಲ.

8. ಬಿಡುಗಡೆಗೆ ಮುಂಚೆ ಮಾಡಿಕೊಳ್ಳಬೇಕಾದ್ದು

ಪೆರೋಲ್ ದಿನಗಳನ್ನು ಬರೀ ನೆಂಟರ ಊಟಕ್ಕೆ ಕಳೆಯಬೇಡಿ. ಒಳಗಿದ್ದಾಗ ಅಪ್ಪ ತೀರಿಹೋಗಿ, ಪೌತಿ ಖಾತೆ (ಸತ್ತವರ ಜಮೀನು ವಾರಸುದಾರರ ಹೆಸರಿಗೆ) ಆಗುವಾಗ ಒಳಗಿರುವ ಮಗನ ಹೆಸರು ಬಿಟ್ಟುಹೋಗಿರುತ್ತದೆ. ಇ-ಕೆವೈಸಿ ಆಗದೆ ರೇಷನ್ ಕಾರ್ಡಿನ ಹೆಸರು ಹೋಗಿರುತ್ತದೆ. ಆಧಾರಿನಲ್ಲಿ ಹಳೆಯ ಫೋನ್ ನಂಬರು. ನಾಡಕಚೇರಿ ಕೆಲಸ ಒಂದೊಂದು ರಜೆಗೆ ಒಂದೊಂದು ಮುಗಿಸಿ. ಶಿಕ್ಷೆಯಲ್ಲಿರುವಾಗ ಮತ ಹಾಕುವಂತಿಲ್ಲ, ಪೂರ್ತಿ ಬಿಡುಗಡೆಯಾದ ಮೇಲೆ ಹಾಕಬಹುದು. ಆಗ ಮತದಾರರ ಪಟ್ಟಿಯಲ್ಲಿ ಹೆಸರು ಹೋಗಿದ್ದರೆ ಮತ್ತೆ ಸೇರಿಸಿಕೊಳ್ಳಿ.

ಜೈಲಿನ ಕೂಲಿ ಹಣ ಕುಡಿಯುವ ತಮ್ಮನ ಕೈಗೆ ಹೋಗದಂತೆ ಹೆಂಡತಿಯ ಅಥವಾ ತಾಯಿಯ ಬ್ಯಾಂಕ್ ಖಾತೆಗೆ ಹೋಗಲಿ. ಒಳಗೆ ಕಲಿತ ಕೆಲಸದ ಸರ್ಟಿಫಿಕೇಟ್ ಏನೇ ಇದ್ದರೂ ಜೋಪಾನ ಮಾಡಿ. ಮೈಸೂರಿನ ನಾಟಕ ಸಂಸ್ಥೆ ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರು ಮೈಸೂರು ಜೈಲಿನ ಜೀವಾವಧಿ ಕೈದಿಗಳಿಂದ ನಾಟಕ ಆಡಿಸಿ ಊರೂರಿಗೆ ಕರೆದೊಯ್ದಿದ್ದನ್ನು ನೋಡಿದವರಿಗೆ, ಜನ ಅವರನ್ನು ಬೇರೆ ಕಣ್ಣಿನಿಂದ ನೋಡಲು ಶುರುಮಾಡಿದ್ದು ನೆನಪಿರಬಹುದು. ಎಲ್ಲರಿಗೂ ನಾಟಕ ಸಿಗುವುದಿಲ್ಲ. ಬೇಕರಿ, ಮರಗೆಲಸ, ಹೊಲಿಗೆ ಬಂದರೂ ಸಾಕು.

ಬಿಡುಗಡೆ ಆದೇಶದಲ್ಲೂ ಶರತ್ತುಗಳಿರುತ್ತವೆ. ಅವು ಅಸ್ಪಷ್ಟವಾಗಿದ್ದರೆ ಪ್ರಶ್ನಿಸಬಹುದು. ‘ಸಭ್ಯವಾಗಿ ನಡೆದುಕೊಳ್ಳಬೇಕು’ ಅನ್ನುವಂಥ ಗೊತ್ತುಗುರಿಯಿಲ್ಲದ ಶರತ್ತನ್ನು 2024ರಲ್ಲಿ ಗುಜರಾತಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ತೆಗೆದುಹಾಕಿದೆ. ಆದೇಶದ ಮೂರು ಜೆರಾಕ್ಸ್ ಮಾಡಿಸಿ. ಒಂದು ಮನೆಯಲ್ಲಿ, ಒಂದು ವಕೀಲರ ಹತ್ತಿರ, ಒಂದು ಅವನ ಜೇಬಿನಲ್ಲಿ.