ಊರಿನ ಹಳೇ ಫೋಟೊ, ನಕ್ಷೆ ಹುಡುಕೋದು ಹೇಗೆ?

ಪತ್ರಾಗಾರಕ್ಕೆ (ಹಳೇ ದಾಖಲೆ ಕಾಪಾಡಿಡುವ ಜಾಗಕ್ಕೆ) ಹೋಗುವ ಮುಂಚೆ ಊರಿನ ಹಳೇ ಹೆಸರು ಗುರುತು ಮಾಡಿಕೊಳ್ಳಿ. ಶ್ರೀರಂಗಪಟ್ಟಣ ಅಂತ ಹುಡುಕಿದರೆ ಏನೂ ಸಿಗದಿರಬಹುದು, ಬ್ರಿಟಿಷರ ನಕ್ಷೆಯಲ್ಲಿ ಅದು ಸೆರಿಂಗಪಟಮ್. ಬಾದಾಮಿ, ಐಹೊಳೆಯ ಫೋಟೊಗಳನ್ನು ಬ್ರಿಟಿಷ್ ಸೇನಾಧಿಕಾರಿ ಥಾಮಸ್ ಬಿಗ್ಸ್ 1855ರಲ್ಲೇ ತೆಗೆದಿದ್ದ. ಅದಕ್ಕೂ ತುಂಬಾ ಹಿಂದಿನದು ಬೇಕೆಂದರೆ ಕೈಯಲ್ಲಿ ಬರೆದ ಚಿತ್ರಗಳೇ ಗತಿ, 1799ರ ನಂತರ ಮೈಸೂರು ಸೀಮೆ ಅಳೆದ ಕಾಲಿನ್ ಮೆಕೆಂಜಿಯ ಸಂಗ್ರಹ ನೋಡಿ.

ಒಳಗೆ ಪೆನ್ ಬೇಡ, ಪೆನ್ಸಿಲ್ ಸಾಕು. ಫೋಟೊವನ್ನು ಅಂಚಿನಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸಿ. ಯಾರೋ ಗೀಚಿದ ತಾರೀಖು, ಜಾಗದ ಹೆಸರು ಎಷ್ಟೋ ಸಲ ಹಿಂಬದಿಯಲ್ಲೇ ಇರುತ್ತದೆ.

ನಕ್ಷೆಯಲ್ಲಿ ಮೊದಲು ಕೆರೆ ಹುಡುಕಿ. ರಸ್ತೆ ಬದಲಾದರೂ ಕೆರೆ ಏರಿ ಅಷ್ಟು ಸುಲಭಕ್ಕೆ ಜಾಗ ಬಿಡಲ್ಲ, ಅಲ್ವಾ? ಬೆಂಗಳೂರಲ್ಲಿ ಮಾತ್ರ ಹುಷಾರು, ಧರ್ಮಾಂಬುಧಿ ಕೆರೆ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ! ಹೊರಡುವಾಗ ನೋಡಿದ ಫೋಟೊ, ನಕ್ಷೆಯ ಕ್ರಮಸಂಖ್ಯೆ ಬರೆದುಕೊಳ್ಳಿ, ಇಲ್ಲದಿದ್ದರೆ ಮತ್ತೆ ಹುಡುಕುವುದು ದೇವರಿಗೇ ಪ್ರೀತಿ.