ಬುಸ್ ಎನ್ನದ ಹಾವಿಗೆ ಜಾಸ್ತಿ ಹೆದರಿ

ಹೋದ ಮಳೆಗಾಲದಲ್ಲಿ ನಮ್ಮ ಬಚ್ಚಲಲ್ಲಿ ಒಂದು ಪುಟ್ಟ ಪಟ್ಟೆ ಹಾವು ಕಾಣಿಸಿತು. ಸೊಸೆ ಕೂಗಿದಳು, ಮಗ ದೊಣ್ಣೆ ತಂದ, ಅಲ್ಲಿಗೆ ಮುಗಿಯಿತು. ನಾನು ಕನ್ನಡಕ ಹಾಕಿಕೊಂಡು ಬಂದು ನೋಡಿದರೆ ತೋಳ ಹಾವು! ವಿಷವೇ ಇಲ್ಲ. ಪಾಪ, ಹಲ್ಲಿ ಹುಡುಕಿಕೊಂಡು ಬಂದಿತ್ತು.

ಅವರನ್ನು ಬೈಯಲೂ ಆಗಲಿಲ್ಲ. ಅದು ವಿಷದ ಕಟ್ಟು ಹಾವಿನ ಹಾಗೇ ಕಾಣುತ್ತದೆ. ನಮ್ಮ ಕಡೆ ಕಟ್ಟು ಹಾವಿಗೆ ಕಡಂಬಳ ಅಂತಾರೆ. ಕಡಂಬಳ ಮಿರಿಮಿರಿ ಕಪ್ಪು. ಮೈಮೇಲೆ ಸಣ್ಣ ಬಿಳಿ ಪಟ್ಟೆಗಳು, ಹೆಚ್ಚಾಗಿ ಜೋಡಿಜೋಡಿ. ಕುತ್ತಿಗೆ ಹತ್ತಿರ ಪಟ್ಟೆ ಇರುವುದಿಲ್ಲ, ಬಾಲದ ಕಡೆ ಹೋದಂತೆ ಎದ್ದು ಕಾಣುತ್ತವೆ. ತೋಳ ಹಾವಿನದು ಉಲ್ಟಾ. ಬಣ್ಣ ಕಂದು, ಪಟ್ಟೆ ಕುತ್ತಿಗೆಯಿಂದಲೇ ಶುರುವಾಗಿ ಬಾಲದ ಕಡೆ ಮಾಸುತ್ತದೆ. ಇದನ್ನೆಲ್ಲ ದೂರದಿಂದ ನೋಡಿ. ಅನುಮಾನ ಬಂದರೆ ಕಡಂಬಳ ಅಂತಲೇ ತಿಳಿದು ಹಾವು ಹಿಡಿಯುವವರನ್ನು ಕರೆಸಿ.

ನಾಗರ ಹೆಡೆ ಎತ್ತಿ ಹೆದರಿಸುತ್ತದೆ. ಕೊಳಕುಮಂಡಲ ಕುಕ್ಕರಿನ ಹಾಗೆ ಬುಸುಗುಡುತ್ತದೆ. ಅದರ ಬೆನ್ನ ಮೇಲೆ ಸರಪಳಿಯಂತೆ ಮೂರು ಸಾಲು ಕಂದು ಮಚ್ಚೆ ಇರುತ್ತವೆ, ಆದರೆ ದರಗಿನಲ್ಲಿ ಸುರುಳಿ ಸುತ್ತಿ ಮಲಗಿದರೆ ಗೊತ್ತೇ ಆಗುವುದಿಲ್ಲ. ಬಯಲುಸೀಮೆಯ ಕಲ್ಲುಜಾಗದಲ್ಲಿ ಗರಗಸ ಮಂಡಲ. ಪುಟ್ಟದಾದರೂ ಮೈ ಉಜ್ಜಿ ಕರಕರ ಸದ್ದು ಮಾಡುತ್ತದೆ. ಕಡಂಬಳ ಮಾತ್ರ ಸುಮ್ನೆ ಬರುತ್ತದೆ, ಅದೂ ರಾತ್ರಿ. ನೆಲದ ಮೇಲೆ ಮಲಗಿದವರ ಹಾಸಿಗೆಗೇ ಸೇರಿಕೊಳ್ಳುತ್ತದೆ. ಕಚ್ಚಿದರೆ ನೋವೂ ಇಲ್ಲ, ಗಾಯವೂ ಸರಿಯಾಗಿ ಕಾಣುವುದಿಲ್ಲ. ರಾತ್ರಿ ಮಲಗಿದವರಿಗೆ ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂದು ರೆಪ್ಪೆ ಜೋತುಬಿದ್ದರೆ ಗ್ಯಾಸ್ಟ್ರಿಕ್ ಅಂದುಕೊಂಡು ಕಷಾಯ ಕಾಯಿಸುತ್ತ ಕೂರಬೇಡಿ.

ಆದ್ದರಿಂದ ಮಂಚ ಇದ್ದರೆ ಮಂಚದ ಮೇಲೇ ಮಲಗಿ. ನೆಲವಾದರೆ ಸೊಳ್ಳೆಪರದೆ ಕಟ್ಟಿ ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ. ಸೌದೆ ರಾಶಿ ಮನೆ ಗೋಡೆಗೆ ತಾಗಿ ಬೇಡ. ಬೆಳ್ಳುಳ್ಳಿ ನೀರು, ಫಿನಾಯಿಲ್ ಚೆಲ್ಲಿ ದುಡ್ಡು ಹಾಳು ಮಾಡಬೇಡಿ, ನಾನೂ ವರ್ಷಗಟ್ಟಲೆ ಚೆಲ್ಲಿದವಳೇ. ಅದರ ಬದಲು ಇಲಿ ಬಾರದ ಹಾಗೆ ನೋಡಿಕೊಳ್ಳಿ. ಕೇರೆ ಹಾವನ್ನು ಹೊಡೆಯಬೇಡಿ, ಇಲಿ ಹಿಡಿಯುವುದು ಅದೇ ಅಲ್ವಾ? ಕೇರೆ ನಾಗರಕ್ಕೆ ಗಂಡು ಅನ್ನುವುದೆಲ್ಲ ಸುಳ್ಳು.

ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬೇರು ತೇಯುವುದು ಯಾವುದೂ ಬೇಡ. ಕೈಕಾಲು ಅಲುಗಾಡದಂತೆ ಇಟ್ಟು, ನಡೆಸದೆ, 108ಕ್ಕೆ ಫೋನ್ ಮಾಡಿ. ಹಾವನ್ನು ಹಿಡಿದುಕೊಂಡೂ ಹೋಗಬೇಡಿ. ಮೇಲೆ ಹೇಳಿದ ನಾಲ್ಕು ವಿಷದ ಹಾವಿಗೂ ಕೊಡುವ ಇಂಜೆಕ್ಷನ್ ಒಂದೇ.

ರಾತ್ರಿ ಬಚ್ಚಲಿಗೆ ಹೋಗುವಾಗ ಟಾರ್ಚ್ ಬೇಕೇ ಬೇಕು. ನಮ್ಮನೆಯಲ್ಲಿ ಅದು ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿರುತ್ತದೆ. ಸೆಲ್ ಇದೆಯೋ ಇಲ್ಲವೋ ಅಂತ ಸಂಜೆಯೇ ನೋಡಿಡುತ್ತೇನೆ, ಮೊಮ್ಮಕ್ಕಳು ಆಟದ ಕಾರಿಗೆ ಕಿತ್ತುಕೊಂಡು ಹೋಗಿರುತ್ತಾರೆ.